ಹನಿ ಎಣಿಸುತ್ತಿದ್ದ ಕಂಪೌಂಡರ

ಆಳಂದದ ನಮ್ಮ ಓಣಿಯ ಕಂಪೌಂಡರನಿಗೆ ಮನುಷ್ಯರ ಮೇಲೆ ಸಹನೆ ಕಡಿಮೆ. ನಮಗೆ ಸಲಾಯಿನ್ ಹಚ್ಚಿದರೆ ಹನಿ ಜೋರಾಗುವಂತೆ ಕೊಳವೆಯ ಗಾಲಿ ತಿರುವಿ, ಅರ್ಧ ತಾಸಿನಲ್ಲಿ ಮುಗಿಸಿ, "ಆತು, ಏಳ್ರಿ" ಅನ್ನುತ್ತಿದ್ದ. ಮೀನು ಸಾಕಲು ಮಾತ್ರ ದವಾಖಾನೆಯೊಳಗೆ ಗಾಜಿನ ಪೆಟ್ಟಿಗೆ ಇಟ್ಟು, ಸಮುದ್ರದಂಥ ಉಪ್ಪುನೀರು ತುಂಬಿದ್ದ.

ಒಂದು ಮುಂಜಾನೆ ಜ್ವರದಿಂದ ನಡುಗುತ್ತ ಹೋದೆ. ಬಕೆಟ್ಟಿನಲ್ಲಿ ಸಿಹಿನೀರಿನಲ್ಲಿ ಬೆಳೆದ, ಮೋಲಿ ಎಂಬ ಜಾತಿಯ ಬಸುರಿ ಮೀನಿತ್ತು. ಕಂಪೌಂಡರ ಸಲಾಯಿನ್ ಕೊಳವೆಯಿಂದ ಅದರ ನೀರಿಗೆ ಪೆಟ್ಟಿಗೆಯ ಉಪ್ಪುನೀರು ಹನಿಹನಿಯಾಗಿ ಬಿಡುತ್ತಿದ್ದ.

"ಸುಮ್ನ ಕೂಡ್ರಿ, ಹನಿ ಎಣಸಾಕತ್ತೇನಿ. ಒಮ್ಮೆಲೆ ಉಪ್ಪಿನಾಗ ಬಿಟ್ರ ಸಾಯ್ತದ. ಸಂಜಿ ತನಕ ಸಾವಕಾಶ ಒಗ್ಗಸಬೇಕ್ರಿ."

"ಅಷ್ಟರಾಗ ನಾ ಸತ್ರ?"

"ನೀವೆಲ್ಲಿ ಸಾಯ್ತೀರಿ, ಗಟ್ಟಿ ಅದೀರಿ."

ಮೀನು ಬದುಕಿತು, ಉಪ್ಪುನೀರಿನಲ್ಲೇ ಮರಿ ಹಾಕಿತು. ಅವನು ಓಣಿಗೆಲ್ಲ ಪೇಢೆ ಹಂಚಿದ. ನಾನೂ ಎರಡು ತಿಂದೆ. ಜ್ವರದ ಸೂಜಿ ಮಾತ್ರ ಆ ಮುಂಜಾನೆಯೇ ಬೇರೆ ದವಾಖಾನೆಯಲ್ಲಿ ಮಾಡಿಸಿಕೊಂಡಿದ್ದೆ.