ಕಲ್ಲು ಸರಿಸದ ದಿನ

ಅಂದು ನಲ್ಲಿ ನೀರು ಹಿಡಿದೆ, ಅಕ್ಕಿ ಆರಿಸಿದೆ, ಬಟ್ಟೆ ಒಗೆದು ಹರವಿದೆ. ಆಮೇಲೆ ಪಕ್ಕದ ಮನೆಯ ಮೇಷ್ಟ್ರ ಮೀನು ನೋಡಲು ಹೋದೆ. ಅರಸೀಕೆರೆಯಲ್ಲಿ ಆಫ್ರಿಕಾದ ಜಗಳಗಂಟ ಮೀನು ಸಾಕಿದವರು ಅವರೊಬ್ಬರೇ.

“ಕಲ್ಲಿಗೊಬ್ಬ ಯಜಮಾನ ಕಣಮ್ಮ, ಬೇರೇದನ್ನ ಹತ್ರ ಸೇರಿಸಲ್ಲ,” ಎನ್ನುತ್ತಿದ್ದರು ಯಾವಾಗಲೂ. ಹೊಸ ಮೀನು ಬಿಡುವ ಮೊದಲು ಗಾಜಿನ ತೊಟ್ಟಿಯ ಕಲ್ಲುಗಳನ್ನೆಲ್ಲ ಅದಲುಬದಲು ಮಾಡುತ್ತಿದ್ದರು. ಆಗ ಎಲ್ಲಕ್ಕೂ ಜಾಗ ಹೊಸದಾಗಿ, ಜಗಳ ತಗ್ಗುತ್ತಿತ್ತು.

ತೀರಿಹೋದ ಅವರ ಹೆಂಡತಿ ಬೆರಳಿನಿಂದ ಉಣಿಸುತ್ತಿದ್ದ ಹಳದಿ ಮೀನಿಗೆ ಗಾಯವಾಗಿತ್ತು. ಬೇರೆ ತೊಟ್ಟಿಯಲ್ಲಿಟ್ಟು ವಾಸಿ ಮಾಡಿ, ಅಂದು ಮರಳಿ ಬಿಟ್ಟರು.

“ಕಲ್ಲು ಸರಿಸಲ್ವಾ ಮೇಷ್ಟ್ರೇ?”

“ಇದು ನಮ್ಮನೇದೇ ಕಣಮ್ಮ, ನೆಂಟ್ರಲ್ಲ!” ನಕ್ಕರು.

ಅದಿಲ್ಲದಾಗ ಅದರ ಕಲ್ಲಿಗೆ ಬೇರೆ ಯಜಮಾನ ಬಂದಿದ್ದ; ಸಂಜೆಯೊಳಗೆ ಉಳಿದ ಮೀನುಗಳು ಅದನ್ನು ಕಚ್ಚಿ ಕೊಂದಿದ್ದವು.

“ಅವಳ್ದು ಅಂತ ಇದ್ದಿದ್ದು ಇದೊಂದೇ,” ಎಂದರು.

ನಮ್ಮಲ್ಲೇ ಮುದ್ದೆ, ಹುರುಳಿ ಸಾರು ಬಡಿಸಿದೆ. ಅರ್ಧ ಮುದ್ದೆ ಉಂಡರು. ಮನೆಗೆ ಹೋಗದೆ, ನಮ್ಮ ಪಡಸಾಲೆಯಲ್ಲಿ ಎಲ್ಲರಿಗಿಂತ ಮೊದಲು ಮಲಗಿದರು.