ಮಠದ ಬೀದಿಗೆ ನೀರು ಜಾಸ್ತಿ ಹೋದದ್ದೇಕೆ?

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮಠದ ಬೀದಿಯ ತುದಿಯಲ್ಲಿರುವ ವಾಲ್ವ್ ಗುಂಡಿಯ ಮುಂದೆ ಲೂರ್ದಮ್ಮ ನಿಂತಿದ್ದಾರೆ. ಒಂದು ಕೈಯಲ್ಲಿ ಎದೆಯೆತ್ತರದ ಕಬ್ಬಿಣದ ಚಾವಿ, ಇನ್ನೊಂದರಲ್ಲಿ ಮೊಬೈಲು. ಸೀರೆಯ ಮೇಲೆ ಗಂಡನ ಕಾಲದ ಖಾಕಿ ಅಂಗಿ. ತುಟಿಗಳನ್ನು ಯಾರೋ ಹೊಲಿದು ಕಳಿಸಿದ ಹಾಗೆ ಬಿಗಿ ಹಿಡಿದಿದ್ದಾರೆ. ಎದುರಿನ ಜಗಲಿಯ ಮೇಲೆ ಹಲ್ಲುಜ್ಜುತ್ತ ಕೂತ ಒಬ್ಬರು ಆ ತುಟಿಗಳನ್ನೇ ನೋಡುತ್ತಿದ್ದಾರೆ. ಹಲ್ಲುಜ್ಜುವುದು ಬರೀ ನೆಪ. ಅಷ್ಟು ಹೊತ್ತು ಉಜ್ಜಿದರೆ ಯಾರ ಹಲ್ಲೂ ಉಳಿಯುವುದಿಲ್ಲ.

ನಾನೂ ಆ ತುಟಿಗಳನ್ನೇ ನೋಡುತ್ತಿದ್ದೇನೆ. ಎಲೆಮರೆಯ ಕಾಯಿ ಹುಡುಕಿಕೊಂಡು ಬನ್ನಿ ಎಂದು ಸಂಪಾದಕರು ಕಳಿಸಿದಾಗಲೆಲ್ಲ ನನಗೆ ಮೊದಲು ಏಳುವ ಪ್ರಶ್ನೆ, ಈ ಕಾಯಿ ಎಲೆಯ ಹಿಂದೆ ಹೋಗಿ ಕೂತದ್ದೇಕೆ ಎಂಬುದು. ಸದಾ ನಗುವವರನ್ನು ಕಂಡರೆ ನನಗಾಗದು. ಈಕೆಯ ಬಗ್ಗೆ ಹೇಳಿದವರು, ಯಾರು ಬೈದರೂ ನಗುತ್ತಾರೆ, ದೇವರಿಗೆ ಥ್ಯಾಂಕ್ಸ್ ಹೇಳುತ್ತಾರೆ ಎಂದಿದ್ದರು. ಅಲ್ಲಿಗೇ ನನ್ನ ಅನುಮಾನ ಗಟ್ಟಿಯಾಗಿತ್ತು.

ಊರು ಹಿರೇನಲ್ಲೂರು ಹೋಬಳಿಯದು. ಊರಿನ ಹೆಸರು ಬರೆಯಬೇಡಿ ಎಂದು ಜಗಳದ ಎರಡೂ ಕಡೆಯವರು ಕೇಳಿಕೊಂಡಿದ್ದಾರೆ. ಇತ್ತೀಚೆಗೆ ಅವರಿಬ್ಬರೂ ಒಪ್ಪಿದ ವಿಷಯ ಅದೊಂದೇ.

ಲೂರ್ದಮ್ಮ ಇಲ್ಲಿನ ನೀರುಗಂಟಿ. ಟ್ಯಾಂಕು ತುಂಬಿಸುವುದು, ಸರದಿಯ ಮೇಲೆ ವಾಲ್ವ್ ತಿರುಗಿಸಿ ಬೀದಿಬೀದಿಗೆ ನೀರು ಬಿಡುವುದು, ಒಡೆದ ಪೈಪಿಗೆ ರಬ್ಬರ್ ಸುತ್ತುವುದು, ಬೈಸಿಕೊಳ್ಳುವುದು, ಇಷ್ಟು ಅವರ ಕೆಲಸ. ತವರು ತರೀಕೆರೆ. ಮಾವ ಶಿವನಿ ಕಡೆ ರೈಲ್ವೆ ಗ್ಯಾಂಗಿನಲ್ಲಿ ದುಡಿದವರು. ಗಂಡ ಚೌರಪ್ಪ ಪಂಚಾಯಿತಿ ನೀರು ಬಿಡುವ ಕೆಲಸಕ್ಕೆಂದು ಬಂದು ಇಲ್ಲೇ ನೆಲೆಸಿದರು. ಊರಿಗೆಲ್ಲ ಇದೊಂದೇ ಕ್ರೈಸ್ತರ ಮನೆ. ಒಂದು ಮಳೆಗಾಲ ಪಂಪ್‌ಹೌಸಿನ ಸ್ಟಾರ್ಟರ್ ಮುಟ್ಟಿದ ಚೌರಪ್ಪ ಜೀವಂತವಾಗಿ ಮನೆಗೆ ಬರಲಿಲ್ಲ. ಚಾವಿ ಹೆಂಡತಿಯ ಕೈಗೆ ಬಂತು. ಕೆಲಸ ಇವತ್ತಿಗೂ ತಾತ್ಕಾಲಿಕ. ಬೇಡ ಎಂದರೆ ಅಂದಿಗೇ ಮುಗಿಯಿತು. ಈಕೆ ಬೇಕೋ ಬೇಡವೋ ಎಂಬುದು ಬರುವ ಗುರುವಾರದ ಪಂಚಾಯಿತಿ ಸಭೆಯಲ್ಲಿ ತೀರ್ಮಾನವಾಗಲಿದೆ.

ದೂರು ಕೊಟ್ಟವರು ಮಠದ ಬೀದಿಯ ತೆಂಗಿನಕಾಯಿ ವ್ಯಾಪಾರಿ ಷಣ್ಮುಖಪ್ಪ. ಲೂರ್ದಮ್ಮ ವಾಲ್ವ್ ತಿರುಗಿಸಿ, ಗುಂಡಿಯ ಮೇಲೆ ಬಗ್ಗಿ ಏನೋ ಮಣಮಣ ಎನ್ನುತ್ತಾರೆ, ಅದು ನೀರಿನ ಜೊತೆ ನಮ್ಮ ಮನೆಯೊಳಗೆ ಬರುತ್ತದೆ ಎಂಬುದು ಅವರ ಆಪಾದನೆ. "ಅದೇ ನೀರಲ್ಲಿ ನಾನು ಲಿಂಗಪೂಜೆ ಮಾಡ್ಬೇಕು ಕಣ್ರೀ. ಏನು ಸೇರಿಸಿ ಕಳಿಸ್ತಾಳೋ ನಂಗೇನು ಗೊತ್ತು?" ಎನ್ನುತ್ತಾರೆ. ಅವರನ್ನು ಕೆಟ್ಟವರೆನ್ನಲು ನನಗೆ ಮನಸ್ಸಿಲ್ಲ. ಅವರ ಜಾಗದಲ್ಲಿ ನಾನಿದ್ದಿದ್ದರೆ ಗುಂಡಿಗೇ ಇಳಿದು ನೋಡುತ್ತಿದ್ದೆ. ಸಭೆಯವರೆಗೆ ಪಂಚಾಯಿತಿ ಒಂದು ನಡುದಾರಿ ಹುಡುಕಿದೆ. ಲೂರ್ದಮ್ಮ ಬಾಯಿ ಬಿಡಬಾರದು. ಮೊಬೈಲಿನಲ್ಲಿ ಅಲಾರಾಂ ಇಟ್ಟು ಎಲ್ಲ ಬೀದಿಗೂ ಸಮನಾಗಿ ನೀರು ಬಿಡಬೇಕು.

"ಏನೂ ಹೇಳ್ತಿರಲಿಲ್ಲ, ಕೆಮ್ತಿದ್ದೆ ಅಂದ್ಬಿಡಿ. ಮುಗಿದೇ ಹೋಗುತ್ತೆ" ಎಂದು ದಾರಿ ತೋರಿಸುತ್ತೇನೆ. ಒಂದು ಸುಳ್ಳಾದರೂ ಸಿಗಲಿ ಎಂಬುದು ನನ್ನ ಆಸೆ.

"ಹೇಳ್ತಿದ್ದೆನಲ್ಲ ಸಾರ್. ಜಪಮಾಲೆ ಹೇಳ್ತಿದ್ದೆ. ದೇವರ ಹೆಸ್ರು ಹೇಳ್ಬಿಟ್ಟು ಹೇಳ್ಲೇ ಇಲ್ಲ ಅಂದ್ರೆ ಯಾವ ದೇವ್ರು ಒಪ್ತಾನೆ?"

ಖಾಕಿ ಅಂಗಿಯ ಜೇಬಿನಿಂದ ಜಪಮಾಲೆ ತೆಗೆದು ತೋರಿಸುತ್ತಾರೆ. ಕಪ್ಪು ಮರದ ಮಣಿಗಳು. ಒಂದು ಮಣಿ ಎಲ್ಲೋ ಬಿದ್ದುಹೋಗಿ, ಆ ಜಾಗದಲ್ಲಿ ಚೌರಪ್ಪನವರ ಅಂಗಿಯ ಬಟನ್ ಪೋಣಿಸಿದೆ. "ನಮ್ಮೆಜಮಾನ್ರು ವಾಚ್ ಕಟ್ದೋರಲ್ಲ. ಒಂದು ಬೀದಿಗೆ ಒಂದು ಜಪಮಾಲೆ, ಮುಗೀತಿದ್ದಂಗೆ ವಾಲ್ವ್ ಕಟ್ಟು, ಅಂತ ಹೇಳ್ಕೊಟ್ಟಿದ್ರು. ಹಂಗೇ ಬಿಡ್ತಾ ಬಂದೆ." ಬಟನ್ ಬಂದಾಗ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. "ಅದು ಅವರದ್ದು. ನಂಗೆ ಕೆಲಸ ಬಿಟ್ಟೋದ್ರಿ, ಥ್ಯಾಂಕ್ಸು. ಬೈಗುಳಾನೂ ನಂಗೇ ಬಿಟ್ಟೋದ್ರಿ, ಅದಕ್ಕೂ ಥ್ಯಾಂಕ್ಸು ಅಂತೀನಿ." ನಗುತ್ತಾರೆ. ನಗು ಮುಗಿದ ಮೇಲೆ ಅಂಗಿಯ ತೋಳಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಅದು ನಗುವಿನ ನೀರೇ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ.

ತೋಪಿನ ಬೀದಿಯಲ್ಲಿ ಬಿಂದಿಗೆ ಹಿಡಿದು ನಿಂತ ಹುಲಿಯಮ್ಮನ ಅನುಮಾನವೇ ಬೇರೆ. "ಜಪಾನೋ ಗಿಪಾನೋ, ಅದು ನಮಗ್ಯಾಕಪ್ಪಾ? ಮಠದ ಬೀದಿಗೆ ಅಂಗಳ ತೊಳ್ಯೋವಷ್ಟು ಬಿಟ್ಟು ನಮ್ಮದು ಬೇಗ ಬೇಗ ಕಟ್ತಿದ್ಲಲ್ಲ, ಅದನ್ ಬರ್ಕೊ. ಮೊಬೈಲ್ ಬಂದ್ಮೇಲೆ ನಮಗೂ ನೀರು ಕಂಡಂಗಾಯ್ತು. ಷಣ್ಮುಖಪ್ಪ ಸಾವ್ಕಾರ್ರು ಎದುರಿಗೆ ಬೈದಂಗ್ ಮಾಡ್ತಾರೆ. ಹಿಂದ್ಗಡೆಯಿಂದ ಕಾಯಿ ಚೀಲ ಹೋಗಿರುತ್ತೆ, ನೋಡ್ತಿರು."

ನನಗೆ ಹೋದ ಜೀವ ಬಂದ ಹಾಗಾಗುತ್ತದೆ. ಕೊನೆಗೂ ಒಂದು ಸರಿಯಾದ ಹಗರಣ ಸಿಕ್ಕಿತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ ತಿನ್ನುತ್ತಿದ್ದ ಲೂರ್ದಮ್ಮನವರನ್ನು ನೇರವಾಗಿಯೇ ಕೇಳುತ್ತೇನೆ. ಮಠದ ಬೀದಿಗೆ ಜಾಸ್ತಿ ಬಿಟ್ಟದ್ದಕ್ಕೆ ಸಾಹುಕಾರರಿಂದ ಏನು ಬಂತು?

ರೊಟ್ಟಿ ನೆತ್ತಿಗೇರುವಷ್ಟು ನಗುತ್ತಾರೆ. "ಜಾಸ್ತಿ ಹೋಗ್ತಿದ್ದದ್ದು ನಿಜ ಸಾರ್. ಮೊಬೈಲ್ ಹಿಡಿದ್ಮೇಲೇ ನಂಗೂ ಗೊತ್ತಾಗಿದ್ದು. ತಪಸ್ಸುಕಾಲದಲ್ಲಿ, ಅದೇ ಈಸ್ಟರ್ ಮುಂಚೆ ಉಪವಾಸ ಇರ್ತೀವಲ್ಲ ಆವಾಗ, ಕಡೂರು ಚರ್ಚಲ್ಲಿ ಸ್ವಾಮಿಗಳು ಪ್ರಸಂಗ ಮಾಡ್ತಾ, ನಿಮಗೆ ತೊಂದ್ರೆ ಕೊಡೋರಿಗೋಸ್ಕರ ದಿನಾ ಹತ್ತು ಮಣಿ ಹೇಳಿ ಅಂದ್ರು. ನಂಗೆ ತೊಂದ್ರೆ ಕೊಡೋರು ಯಾರು? ಸಾವ್ಕಾರ್ರು. ಅವರು ನೆನಪಾಗೋದು ಎಲ್ಲಿ? ಅವರ ಬೀದಿ ವಾಲ್ವ್ ಹತ್ರ. ಜಪಮಾಲೆ ಮುಗಿದ್ಮೇಲೆ ಅವರ ಹೆಸರಿಗೆ ಹತ್ತು ಮಣಿ. ಆಮೇಲೆ ಅವರ ತಮ್ಮ ಓಂಕಾರೇಶಣ್ಣನೂ ಸೇರ್ಕೊಂಡ್ರು, ಜಗಲಿ ಮೇಲೆ ಹಲ್ಲುಜ್ತಾ ಕೂತಿರ್ತಾರಲ್ಲ, ಅವರು. ಆಮೇಲೆ ಪಕ್ಕದ ಮನೆಯೋರು. ಎಲ್ರಿಗೂ ಹತ್ತತ್ತು. ಅಷ್ಟು ಹೊತ್ತೂ ನೀರು ಹೋಗ್ತಾನೇ ಇತ್ತು."

ಹಾಗಾದರೆ ಹುಲಿಯಮ್ಮನಿಗೆ? "ಪಾಪ, ಆವಕ್ಕ ಬೈಯಲ್ಲ, ಗೊಣಗುತ್ತೆ ಅಷ್ಟೆ. ಗೊಣಗೋರ ವಿಷಯ ಸ್ವಾಮಿಗಳು ಏನೂ ಹೇಳ್ಲಿಲ್ಲ."

ಷಣ್ಮುಖಪ್ಪನವರಿಗಾಗಿ ಏನು ಬೇಡಿಕೊಳ್ಳುತ್ತಿದ್ದಿರಿ ಎಂದೆ. "ಮಂಡಿ ನೋವು ವಾಸಿಯಾಗ್ಲಿ ಅಂತ. ವಾಸಿಯಾದ್ರೆ ಪಂಚಾಯ್ತಿವರೆಗೆ ನಡ್ಕೊಂಡು ಹೋಗಿ ದೂರು ಕೊಡ್ತಾರೆ ಅಂತ ಗೊತ್ತಿತ್ತು. ಕೊಟ್ರು. ಸದ್ಯ, ಪ್ರಾರ್ಥನೆ ಕೇಳಿಸ್ತಲ್ಲ ಅನ್ಕೊಂಡೆ."

ಇಷ್ಟು ಸಲೀಸಾಗಿ ಬರುವ ಉತ್ತರಗಳನ್ನು ನಾನು ನಂಬುವುದಿಲ್ಲ. ರಾತ್ರಿಯೆಲ್ಲ ಕೂತು ಕಟ್ಟಿದ ಕತೆಯೂ ಇರಬಹುದು. ಹಾಗಾಗಿ ಷಣ್ಮುಖಪ್ಪನವರ ಮನೆಗೆ ಹೋಗುತ್ತೇನೆ. ಅವರ ಹೆಂಡತಿ ಮಲ್ಲಿಕಾಂಬ ಕಾಫಿ ತಂದಿಡುತ್ತ ತಾವಾಗಿಯೇ ಹೇಳುತ್ತಾರೆ, "ಮೊದ್ಲು ಹಂಡೆ ತುಂಬಿ, ಸಿಂಟೆಕ್ಸ್ ತುಂಬಿ, ಹಸೂಗೆ ಇಟ್ರೂ ಮಿಗ್ತಿತ್ತು. ಆ ಮೊಬೈಲ್ ಬಂದ್ಮೇಲೆ ಹಂಡೆ ಅರ್ಧಕ್ಕೇ ನಿಂತೋಗುತ್ತೆ."

"ಸೇಡು ಕಣ್ರೀ" ಎಂದು ಷಣ್ಮುಖಪ್ಪ ಲೋಟ ಕುಕ್ಕುತ್ತಾರೆ. "ದೂರು ಕೊಟ್ಟಿದ್ದಕ್ಕೆ ನಮ್ಮ ಬೀದಿಗೆ ನೀರು ಕಟ್ ಮಾಡ್ತಾವ್ಳೆ. ಗುರುವಾರ ಇದನ್ನೂ ಸೇರಿಸಿ ಹೇಳ್ತೀನಿ. ಆಮೇಲೆ ಹೆಂಗೆ ಕೆಲ್ಸದಲ್ಲಿ ಇರ್ತಾಳೋ ನೋಡೇಬಿಡೋಣ."

ಅದನ್ನು ಹೇಳಿದರೆ ಲೂರ್ದಮ್ಮನ ಕೆಲಸ ಹೋದ ಹಾಗೆಯೇ. ವರದಿಗಾರ ನಡುವೆ ಬಾಯಿ ಹಾಕಬಾರದು ಎಂಬ ನಿಯಮ ನನಗೆ ಗೊತ್ತಿದೆ. ಆದರೂ ತಡೆಯಲಾಗದೆ ಹತ್ತು ಮಣಿಯ ಕತೆಯನ್ನು ಹೇಳಿಬಿಡುತ್ತೇನೆ. ಮಂಡಿಯ ವಿಷಯ ಮಾತ್ರ ಹೇಳುವುದಿಲ್ಲ. ಮಲ್ಲಿಕಾಂಬ ಸೆರಗು ಬಾಯಿಗೆ ಒತ್ತಿಕೊಂಡು ನಗುತ್ತಾರೆ. ಷಣ್ಮುಖಪ್ಪ ನಗುವುದಿಲ್ಲ.

"ನನ್ನ ಹೆಸ್ರು ಹಿಡ್ದಾ?"

"ಹೆಸರು ಹಿಡಿದೇ."

"ದಿನಾನಾ?"

"ದಿನಾ."

"ಮನೇಲಿ ನಾನೇ ಇವರಿಗೋಸ್ಕರ ದಿನಾ ಬೇಡ್ಕೊಳ್ಳಲ್ಲ ಕಣ್ರೀ" ಎನ್ನುತ್ತಾರೆ ಮಲ್ಲಿಕಾಂಬ. "ನಂಗ್ಯಾಕಂತೆ? ನಂಗೇನಾಗೈತೆ?" ಎಂದು ರೇಗುತ್ತ ಷಣ್ಮುಖಪ್ಪ ಎದ್ದು ನಿಲ್ಲಲು ಹೋಗಿ, ಮಂಡಿ ಹಿಡಿದುಕೊಂಡು ಮತ್ತೆ ಕೂರುತ್ತಾರೆ.

ಗುರುವಾರ ಮಸುಕು ಬೆಳಗಿನಲ್ಲೇ ನಾನು ಮಠದ ಬೀದಿಯಲ್ಲಿದ್ದೇನೆ. ಲೂರ್ದಮ್ಮನ ಮುಖದಲ್ಲಿ ಇವತ್ತು ನಗುವಿಲ್ಲ. ಮಧ್ಯಾಹ್ನದ ಸಭೆಯ ಮೇಲೆ ಅವರ ಅನ್ನ ನಿಂತಿದೆ. ಷಣ್ಮುಖಪ್ಪ ಕೋಲೂರಿಕೊಂಡು ಬರುತ್ತಾರೆ. ಜಗಲಿಯ ಮೇಲಿನ ಓಂಕಾರೇಶ ಹಲ್ಲುಜ್ಜುವುದನ್ನು ನಿಲ್ಲಿಸುತ್ತಾರೆ. ಮೊಬೈಲಿನ ಅಲಾರಾಂ ಹೊಡೆಯುತ್ತದೆ. ಲೂರ್ದಮ್ಮ ವಾಲ್ವ್ ಕಟ್ಟಲು ಬಗ್ಗುತ್ತಾರೆ.

"ತಡಿಯಮ್ಮ" ಎನ್ನುತ್ತಾರೆ ಷಣ್ಮುಖಪ್ಪ. "ನಂದು ಇನ್ನೂ ಆಗಿಲ್ಲ ಅಲ್ವಾ?"

ಲೂರ್ದಮ್ಮ ಬಗ್ಗಿದಲ್ಲಿಂದಲೇ ತಲೆ ಎತ್ತುತ್ತಾರೆ. "ಬಾಯಿ ಬಿಡಂಗಿಲ್ಲ ಅಂದಿದ್ರಲ್ಲ ಸಾವ್ಕಾರ್ರೆ."

"ಬಾಯಿ ಬಿಡು ಅಂದೋರ್ಯಾರು? ಮನಸಲ್ಲೇ ಹೇಳ್ಕೊ. ನಿಮ್ಮ ದೇವ್ರಿಗೇನು ಕಿವಿ ಮಂದಾನಾ?" ಸ್ವಲ್ಪ ತಡೆದು, ತಮ್ಮನಿಗೆ ಕೇಳಿಸದ ಹಾಗೆ ಸೇರಿಸುತ್ತಾರೆ, "ಎಡಗಡೇದು ಜಾಸ್ತಿ ನೋವು. ಅದನ್ನ ಬಿಡಿಸಿ ಹೇಳು."

ಮಂಡಿ ಎಂಬ ಮಾತನ್ನು ನಾನು ಅವರಿಗೆ ಹೇಳಿಯೇ ಇರಲಿಲ್ಲ. ಈ ಊರಿನಲ್ಲಿ ನೀರಿಗಿಂತ ಬೇಗ ಮಾತು ಹರಿಯುತ್ತದೆ ಎಂದು ಕಾಣುತ್ತದೆ. ಮಧ್ಯಾಹ್ನದ ಸಭೆಯಲ್ಲಿ ಷಣ್ಮುಖಪ್ಪ ಎದ್ದು, ಮೊಬೈಲಿನಿಂದ ಬೀದಿಗೆ ಅನುಕೂಲವಾಗಿಲ್ಲ, ಹಳೆಯ ಪದ್ಧತಿಯೇ ಇರಲಿ ಎಂದಷ್ಟೇ ಹೇಳಿ ಕೂರುತ್ತಾರೆ. ಹಳೆಯ ಪದ್ಧತಿ ಯಾವುದು ಎಂದು ಯಾರೂ ಕೇಳುವುದಿಲ್ಲ. ಲೂರ್ದಮ್ಮನ ಕೆಲಸ ಉಳಿಯುತ್ತದೆ. ನನಗೆ ನಿಜವಾಗಿಯೂ ಸಂತೋಷವಾಯಿತು, ಅದನ್ನು ಮುಚ್ಚಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಕೊನೆಯ ಸಲ ಹೋದಾಗ ಅವರು ತೋಪಿನ ಬೀದಿಯ ವಾಲ್ವ್ ಹತ್ತಿರ ನಿಂತಿದ್ದಾರೆ. ಖಾಕಿ ಅಂಗಿಯ ಕೆಳಗೆ ಒಳ್ಳೆಯ ಸೀರೆ. ಏನಾದರೂ ಆಸೆ ಇದೆಯೇ ಎಂದು ಕೇಳುತ್ತೇನೆ.

"ಒಂದೇ ಒಂದ್ ಭಾನುವಾರ ಪೂಜೆ ಶುರುವಾಗೋ ಮುಂಚೆ ಹೋಗಿ ಚರ್ಚಲ್ಲಿ ಕೂರ್ಬೇಕು ಸಾರ್. ಪ್ರತಿ ವಾರ ನೀರು ಬಿಟ್ಟು ಹೋಗೋ ಹೊತ್ಗೆ ಪ್ರಸಂಗ ಮುಗಿದಿರುತ್ತೆ. ಪೂರ್ತಿ ಕೇಳಿದ್ದು ಅದೊಂದೇ, ತೊಂದ್ರೆ ಕೊಡೋರದ್ದು. ಇವತ್ತು ಇದೇ ಕೊನೇ ಬೀದಿ. ಕಡೂರು ಬಸ್ಸು ಸಿಗುತ್ತೆ ಅನ್ಸುತ್ತೆ."

ಬೆರಳು ಕೊನೆಯ ಮಣಿಗೆ ಬರುತ್ತದೆ. ಚಾವಿಗೆ ಕೈ ಹಾಕುತ್ತಾರೆ. ಅಷ್ಟರಲ್ಲಿ ಹುಲಿಯಮ್ಮ ಬಿಂದಿಗೆ ಸೊಂಟಕ್ಕಿಟ್ಟುಕೊಂಡು ಬಂದು ನಡುಬೀದಿಯಲ್ಲಿ ನಿಲ್ಲುತ್ತಾಳೆ.

"ಲೇ ಲೂರ್ದಿ! ಕಣ್ಣು ಕಾಣಲ್ವೇನೇ ನಿಂಗೆ? ಮೂದೇವಿ! ಬೀದಿ ಹಾಳು ಮಾಡೋಕೇ ಬಂದ್ಬಿಟ್ಟಿದೀಯ ಕಣೇ! ನಿನ್ ಚಾವಿಗೆ ತುಕ್ಕು ಹಿಡಿಯಾ!"

ಬಾಗಿಲುಗಳು ಒಂದೊಂದಾಗಿ ತೆರೆಯುತ್ತವೆ. ಹುಲಿಯಮ್ಮ ಉಸಿರು ತೆಗೆದುಕೊಂಡು, ಹತ್ತಿರ ಬಂದು, ದನಿ ತಗ್ಗಿಸಿ ಕೇಳುತ್ತಾಳೆ, "ಹತ್ತು ಮಣಿಗೆ ಇಷ್ಟು ಸಾಕೇನೇ, ಇನ್ನೂ ಬೈಬೇಕಾ?"

ದೂರದ ತಿರುವಿನಲ್ಲಿ ಕಡೂರಿನ ಬಸ್ಸು ಹಾರನ್ ಹೊಡೆಯುತ್ತದೆ. ಲೂರ್ದಮ್ಮ ಆ ಕಡೆ ಒಮ್ಮೆ ನೋಡುತ್ತಾರೆ. ಚಾವಿಯಿಂದ ಕೈ ತೆಗೆದು, "ಸಾಕು ಬಿಡಕ್ಕ, ಥ್ಯಾಂಕ್ಸು" ಎಂದು, ಮತ್ತೆ ಮೊದಲ ಮಣಿ ಹಿಡಿಯುತ್ತಾರೆ.