ಬಿಳಿಮಾರಿಗೆ ಬಡಿದ ಬಿಸಿಲು

ಮಾವನವರು ಲಿಂಗೈಕ್ಯರಾದ ವರ್ಷ ನಮ್ಮ ಅತ್ತೆಯವರು ಮಾತು ಬಿಟ್ಟುಬಿಟ್ಟಿದ್ದರು. ಪೂಜೆ ಮಾಡುತ್ತಿದ್ದರು, ತಾಟಿಗೆ ಬಿದ್ದದ್ದನ್ನು ಉಣ್ಣುತ್ತಿದ್ದರು, ಏನಾದರೂ ಕೇಳಿದರೆ 'ಹೂಂ' ಅನ್ನುತ್ತಿದ್ದರು. ಅಷ್ಟೇ. ನಮ್ಮ ಮನೆಯವರಿಗೆ ಏನು ತೋಚಿತೋ, ಒಂದಿನ ಕರಜಗಿ ಕಡೆ ಹೋಗಿ ಗೆಳೆಯರೊಬ್ಬರ ತೋಟದಿಂದ ಒಂದು ಜರ್ಸಿ ಆಕಳನ್ನು ಟೆಂಪೋದಲ್ಲಿ ಹಾಕಿಕೊಂಡು ಬಂದರು. ಮೈಯೆಲ್ಲ ಕರಿ, ಮುಖ ಮಾತ್ರ ಹೊಸದಾಗಿ ಸುಣ್ಣ ಹೊಡೆದ ಗೋಡೆಯ ಹಾಗೆ ಬಿಳಿ. ಮೂಗು ಗುಲಾಬಿ, ಕಣ್ಣಿನ ರೆಪ್ಪೆ ಗುಲಾಬಿ. ರೆಪ್ಪೆಯ ಕೂದಲು ಕೂಡ ಬಿಳಿ.

ಅತ್ತೆಯವರು ಎದ್ದು ಹೊರಗೆ ಬಂದರು. ಆಕಳಿನ ಎರಡೂ ಕೆನ್ನೆ ಹಿಡಿದು, "ಏನ್ ಚಂದ ಮಾರಿ ಬೇ ನಿಂದು!" ಅಂದರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತು ಕಣ್ಣು ಒರೆಸಿಕೊಂಡೆ. ಅಂದಿನಿಂದ ಆ ಬಿಳಿ ಮುಖದ ಆಕಳಿಗೆ ಬಿಳಿಮಾರಿ ಅಂತಲೇ ಹೆಸರಾಯಿತು.

ಆಮೇಲೆ ಅತ್ತೆಯವರ ಮಾತು ನಿಲ್ಲಲೇ ಇಲ್ಲ, ಆದರೆ ಎಲ್ಲ ಮಾತೂ ಆಕಳಿನ ಜೊತೆ. ಬೆಳಿಗ್ಗೆ ಪೂಜೆ ಮುಗಿಸಿ ಅದರ ಹಣೆಗೆ ವಿಭೂತಿ ಹಚ್ಚಿ ಶುರು ಮಾಡಿದರೆ ಮಗನ ಹುಡುಗಾಟಿಕೆ, ಮಂಡಿ ನೋವು, ಓಣಿಯ ಸುದ್ದಿ, ಎಲ್ಲವೂ ಅಲ್ಲೇ. ಸಾರಿಗೆ ಉಪ್ಪು ಹೆಚ್ಚಾಗಿದೆ ಅಂತ ನನಗೆ ಗೊತ್ತಾಗುತ್ತಿದ್ದದ್ದು ಅವರು ಆಕಳಿಗೆ ಹೇಳುವುದನ್ನು ಕೇಳಿಯೇ. ನನಗೆ ಬೇಜಾರಿರಲಿಲ್ಲ. ಮನೆಯಲ್ಲಿ ದನಿ ಕೇಳುತ್ತಿತ್ತಲ್ಲ, ಶಿವನ ದಯೆ ಅಂದುಕೊಂಡೆ.

ಐದಾರು ವರ್ಷ ಹೀಗೇ ನಡೆಯಿತು. ಹೋದ ಬೇಸಿಗೆಯಲ್ಲಿ ಬಿಳಿಮಾರಿಯ ಮೂಗಿನ ಮೇಲಿನ ಚರ್ಮ ಹಪ್ಪಳದ ಹಾಗೆ ಸುಲಿಯತೊಡಗಿತು. ಎಡಗಣ್ಣಿನಿಂದ ನೀರು ಸೋರುತ್ತಿತ್ತು. ರೆಪ್ಪೆ ಎತ್ತಿ ನೋಡಿದರೆ ಒಳಮೂಲೆಯಲ್ಲಿ ಸಾಬೂದಾಣಿ ಕಾಳಿನಷ್ಟು ಒಂದು ಬೆಳ್ಳನೆಯ ಗಂಟು.

"ಹಸಿ ಹುಣ್ಣದ. ಒಣಗಿದ್ರ ಉದುರಿ ಹೋಗ್ತದ ತಗೋ," ಅಂದರು ಅತ್ತೆಯವರು.

ನಮ್ಮ ಕಡೆ ಹಸಿಯಾದದ್ದೇನಿದ್ದರೂ ಬಿಸಿಲಿಗೆ ಹಾಕುವುದು ರೂಢಿ. ಶಂಡಿಗೆ ಹಾಕುತ್ತೇವೆ, ಮೆಣಸಿನಕಾಯಿ ಹಾಕುತ್ತೇವೆ, ಕೂಸು ಉಚ್ಚೆ ಹೊಯ್ದ ಕೌದಿ ಹಾಕುತ್ತೇವೆ. ಗಾಯವಾದ ದನವನ್ನೂ ಹಾಗೇ. ಅರಿಶಿನಕ್ಕೆ ಕುಸುಬಿ ಎಣ್ಣೆ ಕಲಸಿ ಮೂಗಿಗೂ ಕಣ್ಣಿನ ಕೆಳಗೂ ಸವರಿ, ಬೇವಿನ ಗಿಡದ ಕೆಳಗಿದ್ದ ಬಿಳಿಮಾರಿಯನ್ನು ಬಿಚ್ಚಿ ಅಂಗಳದ ನಡುವಿನ ಗೂಟಕ್ಕೆ ಕಟ್ಟಿದೆವು. ಅದು ಹಗ್ಗ ಜಗ್ಗಿ ಜಗ್ಗಿ ನೆರಳಿನ ಕಡೆಗೇ ಹೋಗುತ್ತಿತ್ತು.

"ಮೈಗಳ್ಳಿ! ಎಳಿ ಬಿಸಿಲು ಚಲೋ ಬೇ, ಸುಮ್ನ ನಿಂದ್ರು," ಅಂತ ಅತ್ತೆಯವರು ಪ್ರೀತಿಯಿಂದಲೇ ಬೈಯುತ್ತಿದ್ದರು. ನಮ್ಮ ಕಡೆಯ ಬಿಸಿಲು ಎಳೆಯದಾಗಿರುವುದು ಎಷ್ಟು ಹೊತ್ತು? ಚಹಾ ಕುಡಿದು ಲೋಟ ಇಡುವುದರೊಳಗೆ ಅದು ಬಲಿತಿರುತ್ತದೆ.

ಬೇಸಿಗೆ ಮುಗಿಯುವ ಹೊತ್ತಿಗೆ ಸಾಬೂದಾಣಿ ಕಾಳು ಶೇಂಗಾ ಬೀಜದಷ್ಟಾಯಿತು. ಕೆಂಪಾಗಿ, ಮೇಲೆಲ್ಲ ತರಿತರಿಯಾಗಿ. ಪಕ್ಕದ ಮನೆಯಲ್ಲಿ ಜಂಪರ್ ಹೊಲಿಯುವ ಗೆಳತಿ ಮೊಸರಿಗೆ ಅಂತ ಬಂದವಳು ನೋಡಿ ಅಲ್ಲೇ ನಿಂತಳು.

"ಯಾ ಅಲ್ಲಾ! ಕಣ್ಣಾಗ ಮಾಂಸ ಬೆಳದದಲ್ರಿ ಭಾಭಿ! ದನದ ದವಾಖಾನಿಗೆ ಫೋನ್ ಹಚ್ರಿ ಮದ್ಲ."

"ದವಾಖಾನಿಯವರು ಬಂದ್ರ ಕಣ್ಣ ಕಿತ್ತು ಕೈಯಾಗ ಕೊಡ್ತಾರ," ಅಂದರು ಅತ್ತೆಯವರು. "ಅದರ ಕಣ್ಣ ಹೋದ್ರ ನಾ ಯಾರ ಮಾರಿ ನೋಡಿ ಮಾತಾಡ್ಲಿ?"

ನಾನು ಒಳಗೆ ಹೋಗಿ ದವಾಖಾನೆಗೆ ಫೋನ್ ಮಾಡಿಬಿಟ್ಟೆ.

ಮರುದಿನ ಜೇವರ್ಗಿಯಿಂದ ಸ್ಕೂಟಿಯ ಮೇಲೆ ಬಂದ ದನದ ಡಾಕ್ಟರಮ್ಮ ಇನ್ನೂ ಸಣ್ಣ ವಯಸ್ಸಿನವರು. ಬ್ಯಾಟರಿ ಬೆಳಕು ಬಿಟ್ಟು ಬಹಳ ಹೊತ್ತು ಕಣ್ಣು ನೋಡಿದರು, ಮೂಗು ನೋಡಿದರು, ಆಮೇಲೆ ಗೂಟ ನೋಡಿದರು.

"ಬಿಸಿಲಾಗ ಯಾಕ ಕಟ್ಟೀರಿ?"

"ಹುಣ್ಣ ಒಣಗಲಿ ಅಂತ, ಯವ್ವಾ."

ಡಾಕ್ಟರಮ್ಮ ತಾವೇ ಹಗ್ಗ ಬಿಚ್ಚಿ ಆಕಳನ್ನು ಬೇವಿನ ನೆರಳಿಗೆ ತಂದು ಕಟ್ಟಿದರು. ಆಮೇಲೆ ಮೆಲ್ಲಗೆ ಹೇಳಿದರು, "ಅಜ್ಜಿ, ಈ ಗಂಟು ಬೆಳೆಸಿದ್ದ ಬಿಸಿಲು. ಇದು ಕ್ಯಾನ್ಸರ್ ಇದ್ದಂಗದ. ಬಿಸಿಲಿನ್ಯಾಗ ನೇರಳಾತೀತ ಕಿರಣ ಅಂತ ಇರ್ತಾವ್ರಿ."

"ನೇರಲ ಹಣ್ಣಿನ ಕಿರಣಾ?" ಅತ್ತೆಯವರು ಹಣೆಗೆ ಕೈ ಅಡ್ಡ ಹಿಡಿದು ಆಕಾಶ ನೋಡಿದರು. "ಇಷ್ಟ ವರ್ಷ ಆತು, ಬಿಸಿಲಾಗ ನೇರಲ ಬಣ್ಣ ನಾ ಕಂಡಿಲ್ಲ ನೋಡವ್ವಾ."

ಡಾಕ್ಟರಮ್ಮನಿಗೆ ನಗು ಬಂತು. "ನೇರಲ ಬಣ್ಣಕ್ಕಿಂತ ಆಚಿ ಇರೋವು ಅಜ್ಜಿ. ಕಣ್ಣಿಗೆ ಕಾಣಂಗಿಲ್ಲ. ಮೋಡ ಆದಾಗೂ ಬೀಳ್ತಾವ. ಕರಿ ತೊಗಲು ಅವನ್ನ ತಡಕೋತದ. ಬಿಳಿ ಮಾರಿ, ಗುಲಾಬಿ ರೆಪ್ಪಿ ಇದ್ದ ದನಕ್ಕ ತಡಿಯಾಕ ಆಗಂಗಿಲ್ಲ. ವರ್ಷಗಟ್ಲೆ ಬಿದ್ದು ಬಿದ್ದು ಹಿಂಗ ಗಂಟಾಗ್ತದ. ಬಿಟ್ರ ಕಣ್ಣು ಹೋಗ್ತದ, ಆಮ್ಯಾಲ ಜೀವಕ್ಕೂ ಬರ್ತದ."

"ಅದಕ್ಕ ನಮ್ಮ ಓಣಿ ಎಮ್ಮಿಗೋಳಿಗೆ ಏನೂ ಆಗಿಲ್ಲನು?"

"ಹೌದ್ರಿ. ಅವು ಕರಿ ಅವಲ್ಲ."

ಅತ್ತೆಯವರು ತಿರುಗಿ ನನ್ನ ಕಡೆ ನೋಡಿದರು. ನಾನು ಆಳಂದ ಕಡೆಯಿಂದ ಈ ಮನೆಗೆ ಮದುವೆಯಾಗಿ ಬಂದಾಗ 'ಸೊಸಿ ಕರ್ರಗದಾಳ' ಅಂತ ಬೀಗರ ಪೈಕಿ ಯಾರೋ ಆಡಿಕೊಂಡಿದ್ದರಂತೆ. "ಹಂಗಾದ್ರ ನಮ್ಮ ಸೊಸಿದು ಏನೂ ಚಿಂತಿ ಇಲ್ಲ ಬಿಡವ್ವಾ," ಅಂದರು. ಡಾಕ್ಟರಮ್ಮ ನಕ್ಕರು, ನಾನೂ ನಕ್ಕೆ. ಆದರೆ ನಗುತ್ತ ನಗುತ್ತಲೇ ಅತ್ತೆಯವರ ಮುಖ ಇಳಿದುಹೋಯಿತು.

"ನಾನ ಕೈಯಾರೆ ಬಿಸಿಲಿಗೆ ಕಟ್ಟಿದ್ನಲ್ಲ ಯವ್ವಾ. ನೆರಳಿಗಿ ಜಗ್ಗತಿತ್ತು, ನಾನ ಬೈದು ನಿಲ್ಲಿಸಿದೆ."

"ಒಂದೆರಡು ತಿಂಗಳದಾಗ ಆಗಿದ್ದಲ್ಲ ಅಜ್ಜಿ ಇದು. ಅದು ಹುಟ್ಟಿದಾಗಿಂದ ಬಿಸಿಲು ತಿಂದದ. ನೀವು ದಿನಾ ರೆಪ್ಪಿ ಎತ್ತಿ ನೋಡಿದ್ದಕ್ಕ ಈಗರ ಗೊತ್ತಾಗ್ಯದ."

ಆ ಮಾತಿಗೆ ನಾನು ಡಾಕ್ಟರಮ್ಮನಿಗೆ ಮನಸ್ಸಿನಲ್ಲೇ ಕೈ ಮುಗಿದೆ. ಆಕಳನ್ನು ಜೇವರ್ಗಿಗೆ ತಂದರೆ ಗಂಟು ಕೊಯ್ದು ತೆಗೆಯುವುದಾಗಿ ಹೇಳಿ ಅವರು ಹೊರಟರು.

ಅವತ್ತು ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆ ಕೂತು, "ಕಾಣದ ಕಿರಣ ಅಂತ, ನಂಬೂದು ಹೆಂಗ?" ಅಂದರು. ಅತ್ತೆಯವರಿಗೆ ಸಿಟ್ಟು ಬಂತು. "ಲೇ ತಮ್ಮಾ, ಕಾಣದ್ದು ಅದ ಅಂತ ನಂಬೂದು ನಮಗೇನ್ ಹೊಸದೇನು? ದಿನಾ ಮುಂಜಾನೆ ನಾ ಕಣ್ಣ ಮುಚ್ಚಿ ಯಾರ ಮುಂದ ಕೂಡ್ತೇನಿ? ಉಂಡು ಎದ್ದು ಗಾಡಿ ಹೇಳಿ ಬಾ." ನಮ್ಮ ಮನೆಯವರು ತುತ್ತು ಬಿಟ್ಟು ಎದ್ದೇಬಿಟ್ಟರು. ನಾನು ಮತ್ತೆ ಕರೆದು ಕೂಡಿಸಬೇಕಾಯಿತು.

ಗೂಡ್ಸ್ ಆಟೋದಲ್ಲಿ ಬಿಳಿಮಾರಿಯನ್ನು ಜೇವರ್ಗಿಗೆ ಒಯ್ದೆವು. ದವಾಖಾನೆಯಲ್ಲಿ ಕಬ್ಬಿಣದ ಕಂಬಗಳ ನಡುವೆ ನಿಲ್ಲಿಸಿ, ಕಣ್ಣಿನ ಸುತ್ತ ಮರಗಟ್ಟಿಸುವ ಸೂಜಿ ಕೊಟ್ಟರು. ಆಕಳು ಬೆದರಿ ಕಂಬ ಅಲುಗುವ ಹಾಗೆ ಕೊಸರಿತು. ಅತ್ತೆಯವರು ಒಂದು ಕೈಯಲ್ಲಿ ತಮ್ಮ ಕೊರಳಿನ ಲಿಂಗದ ಕರಡಿಗೆ ಹಿಡಿದು, ಇನ್ನೊಂದು ಕೈಯನ್ನು ಅದರ ಕಿವಿಯ ಹಿಂದೆ ಇಟ್ಟು ಮಾತು ಶುರು ಮಾಡಿದರು. ಅದು ಸುಮ್ಮನಾಯಿತು.

"ಹಂಗ ಮಾತಾಡ್ರಿ ಅಜ್ಜಿ, ನಿಲ್ಲಿಸಬ್ಯಾಡ್ರಿ," ಅಂದರು ಡಾಕ್ಟರಮ್ಮ, ಕತ್ತರಿ ಎತ್ತಿಕೊಳ್ಳುತ್ತ.

ಅತ್ತೆಯವರು ಹೇಳುತ್ತಲೇ ಹೋದರು. ಮಾವನವರು ಹೊಲದಿಂದ ಬರುವಾಗ ಹಸಿ ಕಡಲೆ ಗಿಡದ ಸುಲಗಾಯಿ ತಂದುಕೊಡುತ್ತಿದ್ದದ್ದು, ಮಗ ಸಣ್ಣವನಿದ್ದಾಗ ಜೋಳದ ಕಣಜದಲ್ಲಿ ಅಡಗಿ ಕೂತದ್ದು. ಆಮೇಲೆ, ನಾನು ಹಿಂದೆ ನಿಂತಿದ್ದೇನೆ ಅನ್ನುವುದು ಮರೆತರೋ ಏನೋ, "ಈ ಸೊಸಿ ಫೋನ್ ಮಾಡ್ಲಿಲ್ಲಂದ್ರ ನಿನ್ನ ಗತಿ ಏನಿತ್ತು ಬೇ? ಆಕಿ ಇರದಿದ್ರ ನನ್ನ ಗತಿನೂ ಅಷ್ಟ," ಅಂದರು. ನಾನು ಬಕೀಟು ತೊಳೆಯುವ ನೆಪ ಮಾಡಿ ನಳದ ಹತ್ತಿರ ಹೋದೆ.

ಗಂಟು, ದನಗಳಿಗೆ ಕಣ್ಣಿನ ಒಳಮೂಲೆಯಲ್ಲಿರುವ ಮೂರನೆಯ ರೆಪ್ಪೆಯ ಮೇಲೆ ಬೆಳೆದಿತ್ತು. ಆ ರೆಪ್ಪೆಯ ಸಮೇತ ತೆಗೆದು, ಕಣ್ಣುಗುಡ್ಡೆಯನ್ನು ಉಳಿಸಿದರು. "ಬೇರು ಒಳಗ ಇಳಿದಿಲ್ಲ ಅನಸ್ತದ. ಆದ್ರ ದೃಷ್ಟಿ ಉಳದದೋ ಇಲ್ಲೋ, ಬಾವು ಇಳದ ಮ್ಯಾಲ ಗೊತ್ತಾಗ್ತದ. ಬಿಸಿಲು ಮಾತ್ರ ಬ್ಯಾಡೇಬ್ಯಾಡ," ಅಂತ ಹೇಳಿ ಕಳಿಸಿದರು.

ನೆರಳಿಗಾಗಿ ಕೊಟ್ಟಿಗೆಯ ಬಾಯಿಗೆ ಗೋಣಿ ಇಳಿಬಿಟ್ಟೆವು. ಮೇಯಲು ಬಿಡುವುದು ಹೊತ್ತು ಇಳಿದ ಮೇಲೆಯೇ. ಆಗಲೂ ಇರಲಿ ಅಂತ ಪಕ್ಕದ ಮನೆ ಗೆಳತಿ ಒಂದು ಹರಕು ಛತ್ರಿಯ ಕರಿ ಬಟ್ಟೆ ಬಿಚ್ಚಿ, ಮುಖಕ್ಕೆ ಇಳಿಬೀಳುವ ಹಾಗೆ ಝಾಲರ್ ಹೊಲಿದು ಮುಗದಾಣದ ಹಗ್ಗಕ್ಕೆ ಕಟ್ಟಿದಳು. ಮೊದಲ ದಿನವೇ ಕಟ್ಟೆಯ ಮೇಲೆ ಕೂತಿದ್ದವರು, "ಏ, ಆಕಳಿಗೆ ಬುರ್ಖಾ ಹಾಕ್ಯಾರಲೇ!" ಅಂತ ಕೂಗಿ ನಕ್ಕರು. ಅವಳು ಮಷೀನಿನಿಂದ ತಲೆ ಎತ್ತದೇ, "ಹೌದ್ರಿ, ನಾನ ಹೊಲದೇನಿ. ಅಳತಿ ಕೊಡ್ರಿ, ನಿಮಗೂ ಒಂದ್ ಹೊಲೀತೇನಿ," ಅಂದಳು. ಆಮೇಲೆ ಯಾರೂ ನಗಲಿಲ್ಲ.

ಬಾವು ಇಳಿದ ಮೇಲೆ ಡಾಕ್ಟರಮ್ಮ ಬಂದು ಬಿಳಿಮಾರಿಯ ಚೆನ್ನಾಗಿದ್ದ ಬಲಗಣ್ಣಿಗೆ ಬಟ್ಟೆ ಕಟ್ಟಿದರು. ಅದು ನಡೆಯುವ ದಾರಿಗೆ ಸದ್ದಾಗದ ಹಾಗೆ ಒಂದು ಖಾಲಿ ಬುಟ್ಟಿ ಇಡಿಸಿದರು. "ಯಾರೂ ಮಾತಾಡಬ್ಯಾಡ್ರಿ. ಅಜ್ಜಿ, ನೀವೂ."

ಅತ್ತೆಯವರು ಸೆರಗು ಬಾಯಿಗೆ ಒತ್ತಿಕೊಂಡರು. ನಮ್ಮ ಮನೆಯವರು ಹಗ್ಗ ಸಡಿಲ ಬಿಟ್ಟರು. ಬಿಳಿಮಾರಿ ಎರಡು ಹೆಜ್ಜೆ ಬಂತು, ನಿಂತಿತು. ತಲೆ ಸ್ವಲ್ಪ ವಾರೆ ಮಾಡಿತು. ಆಮೇಲೆ ಬುಟ್ಟಿಯನ್ನು ಬಳಸಿಕೊಂಡು ಬಂದು ಅತ್ತೆಯವರ ಮುಂದೆ ನಿಂತು ಮೂಗು ಚಾಚಿತು.

ಅತ್ತೆಯವರು ನೆಲದ ಮೇಲೆ ಕೂತುಬಿಟ್ಟರು. "ನೋಡ್ತು! ಶಿವನೇ, ನನ್ನ ನೋಡ್ತು!"

ಮತ್ತೆ ಬರಬಹುದು, ಬಲಗಣ್ಣಿಗೂ ಬರಬಹುದು, ನೋಡುತ್ತಿರಬೇಕು ಅಂತ ಡಾಕ್ಟರಮ್ಮ ಹೇಳಿದ್ದಾರೆ. ಅತ್ತೆಯವರಿಗೆ ಈಗ ಸಣ್ಣದು ಕಾಣುವುದಿಲ್ಲ. ಹಾಗಾಗಿ ಆ ಕೆಲಸ ನನ್ನ ಪಾಲಿಗೆ ಬಂದಿದೆ. ಪೂಜೆ ಮುಗಿದ ಮೇಲೆ ನಾನು ಒಂದೊಂದೇ ರೆಪ್ಪೆ ಎತ್ತಿ ನೋಡುತ್ತೇನೆ. ಅವರು ಪಕ್ಕದಲ್ಲೇ ನಿಂತಿರುತ್ತಾರೆ.

"ಏನರ ಅದನು?"

"ಏನೂ ಇಲ್ರಿ ಅವ್ವಾ."

"ಏನೂ ಇಲ್ಲಲ್ಲ?"

"ಇಲ್ರಿ."

"ಇವತ್ತಿಂದು ಇಷ್ಟ ಸಾಕು ಬಿಡು," ಅಂದು ಅವರು ಆಕಳಿನ ಕಡೆ ತಿರುಗುತ್ತಾರೆ. ನಾನು ಕೈ ತೊಳೆದುಕೊಂಡು ರೊಟ್ಟಿ ಬಡಿಯಲು ಒಳಗೆ ಹೋಗುತ್ತೇನೆ.